ದುರಗೇಶನ ಬಿಸಿಲು

ಯಾರಾದರೂ ನಂಬಲಾಗದ ಮಾತಾಡಿದರೆ ‘ದುರಗೇಶನ ಬಿಸಿಲು’ ಎಂದು ನಗುವ ರೂಢಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಇನ್ನೂ ಇದೆ. ಆ ನಗು ಕೇಳಿದಾಗಲೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆ.

ದುರಗೇಶ ಓಣಿಯ ರೇಡಿಯೊ ರಿಪೇರಿಯವನು. ಹೊಟ್ಟೆಗೆ ರಿಪೇರಿ, ಹುಚ್ಚಿಗೆ ಮೈಕ್ರೊಕಂಟ್ರೋಲರ್, ಅಂದರೆ ಒಳಗೆ ಬರೆದಿಟ್ಟ ಆದೇಶದಂತೆ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಚಿಪ್ಪು. ೧೯೯೮ರಲ್ಲಿ ಅವನೊಂದು ಪೆಟ್ಟಿಗೆ ಕಟ್ಟಲು ಹೊರಟ. ಪವರ್‌ಲೂಮಿನಲ್ಲಿ ಹಾಸಿನ, ಅಂದರೆ ಉದ್ದದ, ಎಳೆ ಹರಿದರೆ ಅದು ತಾನೇ ಮಗ್ಗ ನಿಲ್ಲಿಸಬೇಕು. ಇದೊಂದು ಗೆದ್ದರೆ ತನ್ನನ್ನು ಹುಚ್ಚ ಎನ್ನುವ ಬಾಯಿಗಳೆಲ್ಲ ಮುಚ್ಚುತ್ತವೆ ಎಂದು ಕಾದಿದ್ದ.

ಚಿಪ್ಪು ಆರಿಸಲು ಆರು ತಿಂಗಳು ಹಿಡಿಯಿತು. ಕರೆಂಟಿನಿಂದಲೇ ಅಳಿಸಿ ಮತ್ತೆ ಬರೆಯುವ ಹೊಸ ಚಿಪ್ಪು ಬಂದಿತ್ತು. ಆದರೆ ಚಿಪ್ಪಿಗೆ ಬರೆಯಲು ಅವನೇ ಕಟ್ಟಿಕೊಂಡಿದ್ದ ಪ್ರೋಗ್ರಾಮರ್ ಯಂತ್ರಕ್ಕೆ ಹೊಂದುತ್ತಿದ್ದದ್ದು ಹಳೆಯ ನಮೂನೆಯದು, ಬೆನ್ನ ಮೇಲೆ ಗಾಜಿನ ಸಣ್ಣ ಕಿಟಕಿ ಇದ್ದದ್ದು. ಆ ಕಿಟಕಿಗೆ ದಿನಗಟ್ಟಲೆ ಬಿಸಿಲು ಬಿದ್ದರೆ ಒಳಗೆ ಬರೆದದ್ದು ಅಳಿಯುತ್ತದೆ. ತಪ್ಪು ಬರೆದ ಚಿಪ್ಪುಗಳನ್ನು ಅವನು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಇಟ್ಟು ಅಳಿಸುತ್ತಿದ್ದ. ನಮ್ಮ ಕಡೆ ಬಿಸಿಲಿಗೇನು ಬರ? ಕೆಲಸ ಮುಗಿದ ಚಿಪ್ಪಿನ ಕಿಟಕಿಗೆ ಕರಿ ಟೇಪು ಹಚ್ಚಿದರಾಯಿತು.

ಟೇಪು ಏಕೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಬಿಸಿಲಿಗೆ ಕೆಡುವ ಸಾಮಾನು ಎಂದರೆ ಯಾರು ಮಗ್ಗಕ್ಕೆ ಕಟ್ಟಿಸಿಕೊಂಡಾರು?

ಕಟ್ಟಿಸಿಕೊಂಡವಳು ನನ್ನ ಅವ್ವ ಸಾವಿತ್ರೆವ್ವ ಒಬ್ಬಳೇ. ನಾಲ್ಕು ತಿಂಗಳು ಪೆಟ್ಟಿಗೆ ಛಲೋ ನಡೆಯಿತು. ನೋಡಿ ಹೋದವರು ದೀಪಾವಳಿ ಕಳೆದ ಮೇಲೆ ತಮಗೂ ಒಂದೊಂದು ಎಂದರು.

ಅಷ್ಟರಲ್ಲಿ ದಸರೆಯ ಖಂಡೆನವಮಿ, ಆಯುಧಪೂಜೆ, ಬಂತು. ಅಂದು ನಾವು ಮಗ್ಗದ ಒಂದು ಮೊಳೆಯನ್ನೂ ಬಿಡದೆ ತಿಕ್ಕಿ ಪೂಜೆ ಮಾಡುತ್ತೇವೆ. ಪೆಟ್ಟಿಗೆಯ ಮುಚ್ಚಳ ತೆಗೆದು, ನೂಲಿನ ಧೂಳು ಮೆತ್ತಿದ್ದ ಟೇಪು ಕಿತ್ತು, ಗಾಜು ಮಿಂಚುವಂತೆ ಒರೆಸಿದವನು ನಾನು. ಅವ್ವ ಪಕ್ಕದಲ್ಲಿ ಕುಂಕುಮವಿಟ್ಟು, ಪೂಜೆ ಕಾಣಲಿ, ಮುಚ್ಚಬೇಡ ಎಂದಳು. ಬಾಗಿಲ ಬಿಸಿಲು ದಿನಾಲೂ ನೇರ ಅಲ್ಲಿಗೇ ಬೀಳುತ್ತಿತ್ತು.

ದೀಪಾವಳಿಯ ಹೊತ್ತಿಗೆ ಒಂದು ದಿನ ಎಳೆ ಹರಿದರೂ ಮಗ್ಗ ನಿಲ್ಲಲಿಲ್ಲ. ಮದುವೆಯ ಆರ್ಡರಿನ ಸೀರೆಗಳು ಉದ್ದಕ್ಕೂ ಗೆರೆ ಬಿದ್ದು ಕೆಟ್ಟವು. ಅವ್ವ ಪೆಟ್ಟಿಗೆ ಬಿಚ್ಚಿ ತಂದು ಓಣಿಯ ನಡುವೆ ನಿಂತು ದುರಗೇಶನನ್ನು ಕರೆಸಿದಳು. ಬರಿಗಾಜು ಕಂಡು ಅವನ ಮುಖ ಕಪ್ಪಿಟ್ಟಿತು.

“ಇದರ ಮ್ಯಾಲಿನ ಟೇಪು ಯಾರ ಕಿತ್ತಾರ್ರಿ ಕಾಕಿ? ಬಿಸಿಲಿಗೆ ಬರದದ್ದೆಲ್ಲಾ ಅಳಿಸೇತಿ.”

“ಬಿಸಿಲಿಗೆ ಹಪ್ಪಳ ಒಣಗತಾವಪಾ. ಬರದದ್ದು ಅಳಸತೈತಿ ಅಂತ ಎಲ್ಲೂ ಕೇಳಿಲ್ಲ. ಕೆಟ್ಟದ್ದು ಕೊಟ್ಟೇನಿ ಅನ್ನು, ಮುಗೀತು.”

ಸೇರಿದವರು ಬಿದ್ದು ಬಿದ್ದು ನಕ್ಕರು. ದುರಗೇಶ ನನ್ನ ಕಡೆ ನೋಡಿದ. ಕಿತ್ತವನು ನಾನು ಎನ್ನಬೇಕಿತ್ತು. ಸೀರೆ ಕೆಡಿಸಿದ ಅಪವಾದ ನನ್ನ ತಲೆಗೆ ಬಂದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಮತ್ತೆ ಯಾರೂ ಪೆಟ್ಟಿಗೆ ಕೇಳಲಿಲ್ಲ. ರೇಡಿಯೊ ಕೊಡುವವರೂ ಕಡಿಮೆಯಾದರು. ದುರಗೇಶ ಅಂಗಡಿ ಮುಚ್ಚಿ, ಮುಧೋಳದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳಿಗೆ ಚೀಟಿ ಕೊಡುವ ಕೆಲಸಕ್ಕೆ ಸೇರಿದ.

ಅವ್ವ ತೀರಿದ ವರ್ಷ, ೨೦೧೧ರಲ್ಲಿ, ಅಲ್ಲಿಗೇ ಹೋಗಿ ಎಲ್ಲ ಹೇಳಿದೆ. ಅವನು ಚೀಟಿ ಬರೆಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತಲೇ. ನಿಮ್ಮ ಮಗ್ಗ ವರ್ಷಾ ತಿಕ್ಕಾಂವ ನೀನ. ಅವತ್ತ ನಿನ್ನ ಮಾರಿ ನೋಡಿದ್ದು ಅದಕ್ಕ. ಈಗ ಯಾರ ಮುಂದ ಹೇಳಲಿ?”

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ದುರಗೇಶ ನನ್ನನ್ನು ಬದಿಗೆ ಸರಿಯಲು ಹೇಳಿ ಅವನಿಗೆ ಚೀಟಿ ಹರಿದುಕೊಟ್ಟ.