ಹಳ್ಳದ ದಾರಿಗೆ ಕಟ್ಟಿದ ಮೊಸರನ್ನ

ನಮ್ಮ ಯಜಮಾನರಿಗೆ ಹಳ್ಳದಲ್ಲಿ ಯಾವ ಗಾಳಿಯೂ ಸೋಕಿರಲಿಲ್ಲ. ಕಲ್ಲುಕ್ವಾರಿಯ ದೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು, ಅಷ್ಟೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಕೋಗಿಲು ಎಂಬ ಊರಿನಲ್ಲಿದ್ದೆವು. ಕ್ವಾರಿಯ ಕೆಲಸ ಹೋದ ಮೇಲೆ ಊಟದೆಲೆ ಹಚ್ಚಿ ಮಾರಿಯೇ ಜೀವನ. ಇವರು ದೊಡ್ಡಬಳ್ಳಾಪುರದ ಆಚೆಯ ಬೆಟ್ಟಕ್ಕೆ ಸೈಕಲ್ ತುಳಿದು, ಹಳ್ಳದ ಪಕ್ಕದ ಕಾಡುದಾರಿಯಲ್ಲಿ ಅದನ್ನು ತಳ್ಳಿಕೊಂಡು ಹತ್ತಿ, ಮುತ್ತುಗದೆಲೆ ಕಿತ್ತು ತರುತ್ತಿದ್ದರು. ಆ ಬೇರು, ಬಂಡೆಗಳ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ. ಕಾಲನ್ನೇ ನೆಲಕ್ಕೆ ಉಜ್ಜಿಕೊಂಡು ಇಳಿಯುತ್ತಿದ್ದರು. ಚಪ್ಪಲಿ ಒಂದು ಕಡೆ ಕಾಗದದಂತೆ ಸವೆದಿರುತ್ತಿತ್ತು.

ಒಂದು ದಿನ ಎಲೆಯಿಲ್ಲದೆ ಬರಿ ಸೈಕಲ್ ತಂದರು. ದೊಡ್ಡ ಬಂಡೆಯ ಹತ್ತಿರ ಉಸಿರು ಕಟ್ಟಿ ಬಿದ್ದಿದ್ದರು.

"ಅಳ್ಳದ ಗಾಳಿ ಕಣಮ್ಮಿ," ಅಂದರು ಅತ್ತೆ. "ಅವನೇ ಓಗಿ ಅದೇ ಜಾಗದಲ್ಲಿ ಮೊಸರನ್ನ ಇಟ್ಟು ಬರ್ಬೇಕು. ತಿರುಗಿ ನೋಡ್ಬಾರ್ದು."

"ಉಸ್ರಾಡಕ್ಕೇ ಆಗ್ತಿಲ್ಲ, ಬೆಟ್ಟ ಎಂಗತ್ತಾರೆ ಅವರು?"

"ಗಾಳಿ ಸೋಕಿರೋದ್ಕೇ ಆಗ್ತಿಲ್ಲ. ನೀನೂ ನಡಿ ಜೊತೆಗೆ."

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದೆವು. ಬರುವಾಗ ಎಲೆ ತರುತ್ತೇನೆಂದು ಅವರ ಹಟ. ಅವತ್ತು ಹತ್ತಲಾಗದಿದ್ದರೆ ಮನೆಗೆ ಎಲೆಯಿಲ್ಲ, ಒಲೆಯ ಮೇಲೂ ಏನಿಲ್ಲ.

ಮೊದಲ ತಿರುವಿನಲ್ಲೇ ಹ್ಯಾಂಡಲ್ ಮೇಲೆ ಒರಗಿದರು. ಎರಡನೆಯದರಲ್ಲಿ ಕೂತುಬಿಟ್ಟರು. ಕೆಳಗೆ ಹಳ್ಳ ಹರಿಯುತ್ತಿತ್ತು. ಅದರ ಸದ್ದಿಗಿಂತ ಇವರ ಎದೆಯ ಸದ್ದೇ ಜೋರು.

"ಬಂಡೆ ಇನ್ನೆಷ್ಟು ದೂರ ಐತೆ?" ಕೇಳಿದೆ.

"ಅಗೋ, ಕಾಣ್ತೈತಲ್ಲ."

"ಕಾಣೋದೇನೋ ಕಾಣ್ತೈತೆ."

ಮೊಸರನ್ನದ ಗಂಟು ಬಿಚ್ಚಿದೆ. "ತಿನ್ನಿ."

"ದೆವ್ವದ ಪಾಲು ಕಣೇ ಅದು."

"ಬೇಕಾದ್ರೆ ಇಳಿದು ಬರ್ಲಿ. ನಿಮಗಿಂತ ಅದೇ ಗಟ್ಟಿಯಾಗೈತೆ."

ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಿಂತ ಮೇಲೆ ಎರಡು ತುತ್ತು ತಿಂದು, ಸೈಕಲ್ ಕಡೆ ನೋಡಿ, "ಇನ್ನಾಗಾಕಿಲ್ಲ ಕಣೇ," ಅಂದರು. ಉಳಿದದ್ದನ್ನು ನಾನೇ ತಿಂದೆ.

ಇಳಿಯುವಾಗ ಸೈಕಲ್ ತಳ್ಳಿದ್ದು ನಾನು. ಅವರು ಸೀಟು ಹಿಡಿದುಕೊಂಡು ಹಿಂದೆ ಬಂದರು.

"ತಿರುಗಿ ನೋಡಿದ್ರಾ?" ಬಾಗಿಲಲ್ಲೇ ಅತ್ತೆ ಕೇಳಿದರು.

"ಇಲ್ಲ," ಅಂದೆ. ಅದು ನಿಜವೇ.

ಇವರಿಗೆ ವಾಸಿಯಾಗಲಿಲ್ಲ. ಮುಂದಿನ ಮಳೆಗಾಲ ಕಾಣಲಿಲ್ಲ.

ಬೆಟ್ಟದಿಂದ ಬಂದ ಮಾರನೆಯ ಬೆಳಿಗ್ಗೆ, ಅವರಿನ್ನೂ ಗೋಡೆಗೊರಗಿ ಕೆಮ್ಮುತ್ತಿರುವಾಗಲೇ, ಕ್ಯಾರಿಯರ್‌ಗೆ ಸುತ್ತಿದ್ದ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ. ಮೊದಲನೆ ಬಸ್ಸಿಗೆ ಒಬ್ಬಳೇ ಹೋಗಿ ಆ ದಾರಿ ಹತ್ತಿ, ತಲೆಯ ಮೇಲೆ ಎಲೆ ಹೊತ್ತು ತಂದೆ.