ಪ್ಲೇಟು ಹಾಕದೆ ಕಳಿಸಿದ ಗಾಡಿ

ಕಡಕೊಳದಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು ಇದೆ. ಹೋದ ವರ್ಷ ಚಾಮರಾಜಪುರಂನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ವ್ಯಾನು ತಂದರು. ಪಾರ್ಶ್ವವಾಯು ಹೊಡೆದು ಅವರ ಹೆಂಡತಿಯ ಎಡಭಾಗಕ್ಕೆ ಸ್ವಾಧೀನ ತಪ್ಪಿತ್ತು. ಗಾಲಿಕುರ್ಚಿಯನ್ನು ಎತ್ತಿ ವ್ಯಾನಿಗೆ ಹತ್ತಿಸುವ ತ್ರಾಣ ಮೇಷ್ಟ್ರಿಗಿರಲಿಲ್ಲ. ಹಿಂಭಾಗವನ್ನು ಒಂದು ಗೇಣು ತಗ್ಗಿಸಿಕೊಟ್ಟರೆ ಹಲಗೆ ಇಟ್ಟು ತಳ್ಳಬಹುದು ಅಂದರು.

ತಗ್ಗಿಸಿದೆ. ಆಗ ಹಿಂದಿನ ಗಾಲಿಗಳನ್ನು ಜೋಡಿಸುವ ಆಕ್ಸಲ್, ಗಾಡಿಯ ಅಡಿಗಟ್ಟಾದ ಚಾಸಿಗೆ ಬಡಿಯತೊಡಗಿತು. ಅದಕ್ಕೆ ಜಾಗ ಮಾಡಲು ಚಾಸಿಯ ಎರಡೂ ಪಕ್ಕದ ಉಕ್ಕಿನ ತೊಲೆಗಳನ್ನು ಅಡಿಯಿಂದ ಅರ್ಧಚಂದ್ರದಂತೆ ಕತ್ತರಿಸಿದೆ. ಕತ್ತರಿಸಿದ ಜಾಗಕ್ಕೆ ದಪ್ಪ ಪ್ಲೇಟು ಕೂರಿಸಿ ಬಲ ಕೊಡಲೇಬೇಕು. ಆ ದಪ್ಪದ್ದು ಶೆಡ್ಡಿನಲ್ಲಿರಲಿಲ್ಲ.

"ಎರಡು ದಿನ ತಡಿಯೋ, ಪ್ಲೇಟು ಬರ್ಲಿ. ಹಿಂಗೇ ಕಳಿಸ್ಬುಟ್ರೆ ಹೆಂಗೆ? ಗಾಡಿ ಭಾರ ಎಲ್ಲಾ ಅಲ್ಲೇ ಕಣೋ ಬೀಳೋದು" ಅಂದರು ನನ್ನ ಜೊತೆ ಕೆಲಸ ಮಾಡುವ ಭಾವ.

ಮೇಷ್ಟ್ರು ಬೆಳಗಿನಿಂದ ಸ್ಟೂಲಿನ ಮೇಲೆ ಕೂತಿದ್ದರು. "ಎಂಟು ತಿಂಗಳಿಂದ ಅವಳು ಮನೆಯಿಂದ ಆಚೆ ಬಂದಿಲ್ಲ ಕಣ್ರೀ. ನಾಳೆ ಅವಳ ತಂಗಿ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ ಹೇಳ್ಬಿಟ್ಟಿದೀನಿ."

ಅವರ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ನನ್ನ ಬೆಸುಗೆಯ ಮೇಲೆ ನನಗೊಂದಿಷ್ಟು ಸೊಕ್ಕೂ ಇತ್ತು. ಕೈಗೆ ಸಿಕ್ಕ ತೆಳು ತಗಡನ್ನೇ ಬೆಸೆದು ಕಪ್ಪು ಬಣ್ಣ ಬಳಿದೆ. "ಆಮೇಲೊಂದಿನ ತನ್ನಿ ಸಾರ್, ಚೂರು ಕೆಲಸ ಇದೆ" ಎಂದೆನೇ ಹೊರತು ಏನು ಕೆಲಸವೆಂದು ಹೇಳಲಿಲ್ಲ. ಅವರು ತರಲಿಲ್ಲ. ನಾನೂ ಕರೆಯಲಿಲ್ಲ.

ಮೂರು ತಿಂಗಳಾದ ಮೇಲೆ, ರಾಜೀವನಗರದ ಆ ತಂಗಿಯ ಮನೆಯಿಂದ ಮರಳುವಾಗ ರೋಡ್ ಹಂಪಿನ ಮೇಲೆ ಚಾಸಿ ಮುರಿಯಿತು. ಹಿಂಭಾಗ ಕುಸಿದು, ಗಾಲಿಕುರ್ಚಿ ಮಗುಚಿ, ಆಕೆ ಬಲಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಮುರಿಯಿತು. ಅವರಿಗೆ ಉಳಿದಿದ್ದದ್ದು ಅದೊಂದೇ ಕೈ.

ಸುದ್ದಿ ತಿಳಿದು ಮನೆಗೆ ಹೋದಾಗ ಮೇಷ್ಟ್ರು ಹೆಂಡತಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. "ಹಂಪು ಕಾಣಲಿಲ್ಲ ನನಗೆ. ನಂದೇ ತಪ್ಪು" ಅಂದರು.

ಸುಮ್ಮನಿದ್ದುಬಿಡಬಹುದಿತ್ತು. ಆಗಲಿಲ್ಲ. "ಅಲ್ಲ ಸಾರ್. ಹಾಕಬೇಕಾದ ಪ್ಲೇಟು ನಾನು ಹಾಕಿರ್ಲಿಲ್ಲ. ಗೊತ್ತಿದ್ದೂ ಹಾಕ್ಲಿಲ್ಲ."

ಅವರ ಕೈ ತಟ್ಟೆಯಲ್ಲೇ ನಿಂತಿತು. ಆಕೆ ನನ್ನನ್ನು ನೋಡಿ ತೊದಲುತ್ತಾ, "ಒಂದು ಮಾತು ಹೇಳಿದ್ರೆ ಕಾಯ್ತಿದ್ವಲ್ಲಪ್ಪ" ಅಂದರು.

ಮೂಳೆ ಕೂಡಿತು, ಆದರೆ ಬೆರಳುಗಳನ್ನು ಪೂರ್ತಿ ಮಡಚಲಾಗಲಿಲ್ಲ. ಚಾಸಿಯನ್ನು ಸರಿಯಾಗಿ ಗಟ್ಟಿಮಾಡಿ ವ್ಯಾನು ತಂದುಕೊಟ್ಟೆ. ಮೇಷ್ಟ್ರು ಗೇಟು ತೆಗೆದು, ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಈಚೆಗೆ ಆ ಬೀದಿಯಲ್ಲಿ ಹೋದಾಗ ನೋಡಿದೆ, ನಾಲ್ಕೂ ಟೈರಿನ ಗಾಳಿ ಇಳಿದಿತ್ತು. ಆಕೆ ಮತ್ತೆ ಆ ವ್ಯಾನು ಹತ್ತಲೇ ಇಲ್ಲವೆಂದು ಎದುರಿನ ಅಂಗಡಿಯವರು ಹೇಳಿದರು.