ಮೇಸ್ತ್ರಿ ಆರಿಸಿದ ಕೊನೆಯ ಬೂಟು

ಮೊನ್ನೆ ಚಳಿಗೆಂದು ಬೂಟು ಕೊಳ್ಳಲು ಕಡೂರಿಗೆ ಹೋಗಿದ್ದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಹೊಸ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಅವನು ಏನೇನೋ ಹೇಳುತ್ತಿದ್ದ. ನನಗೆ ಮಾತ್ರ ನಮ್ಮ ಮೇಸ್ತ್ರಿ ನೆನಪಾದರು...

ಶಿವನಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ನಾನು ಸೇರಿದಾಗ ಅವರೇ ನಮ್ಮ ಮೇಲಿನವರು. ಚಳಿಗಾಲದ ಬೆಳಗಿನಲ್ಲಿ ಮೈಲಿಗಟ್ಟಲೆ ಹಳಿ ನಡೆಯಬೇಕು. ಮಂಜಿನಲ್ಲಿ ತೊಯ್ದ ಜಲ್ಲಿಯ ಮೇಲೆ ಕಾಲಿಟ್ಟರೆ ಎಲುಬಿಗೆ ಚಳಿ ಇಳಿಯುತ್ತಿತ್ತು. ಅದಕ್ಕೇ ಕಾರ್ತಿಕ ಬಂತೆಂದರೆ ಹೊಸಬರನ್ನೆಲ್ಲ ಕಡೂರಿಗೆ ಕರೆದೊಯ್ದು ತಾವೇ ಬೂಟು ಆರಿಸಿಕೊಡುತ್ತಿದ್ದರು. ಹೋಗುತ್ತಿದ್ದುದು ಸಂಜೆ, ಕೆಲಸ ಮುಗಿದ ಮೇಲೆಯೇ.

“ಬೆಳಗ್ಗೆ ಕಾಲು ಸುಳ್ಳು ಹೇಳ್ತದೆ ಕಣೋ. ದಿನವೆಲ್ಲ ನಡ್ದು ಊದ್ಕಂಡಿರೋ ಕಾಲಿಗೆ ಹಿಡ್ಸಿದ್ರೆ ಅದು ಬೂಟು,” ಎನ್ನುತ್ತಿದ್ದರು.

ಚರ್ಮ ಮಡಚಿ ಮೂಸುತ್ತಿದ್ದರು. ಒಳಗೆ ಕೈಹಾಕಿ ಹೊಲಿಗೆ ತಡಕುತ್ತಿದ್ದರು. ಅಟ್ಟೆಯನ್ನು ಹೊಲಿಯದೆ ಬರೀ ಅಂಟಿಸಿದ್ದರೆ ಅಂಗಡಿಯವನ ಮುಖವನ್ನೊಮ್ಮೆ ನೋಡಿ ಪಕ್ಕಕ್ಕಿಡುತ್ತಿದ್ದರು. ಆಮೇಲೆ ನಮಗೆ ಉಣ್ಣೆಯ ಕಾಲುಚೀಲ ಹಾಕಿಸಿ, ಎದ್ದು ನಿಲ್ಲಿಸಿ, ತಾವು ಕುಕ್ಕರುಗಾಲಲ್ಲಿ ಕೂತು ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನಮ್ಮ ಕಾಲ್ಬೆರಳಿನ ಮುಂದೆ ಅವರ ಹೆಬ್ಬೆರಳಗಲ ಜಾಗ ಇರಲೇಬೇಕು. ನನಗೆ ಆರಿಸಿಕೊಟ್ಟದ್ದು ಏಳು ಚಳಿಗಾಲ ಬಾಳಿತು.

ಅವರು ತಮ್ಮ ಕೊನೆಯ ಬೂಟು ಕೊಂಡಾಗ ಜೊತೆಗಿದ್ದವನು ನಾನೊಬ್ಬನೇ. ಆ ಹೊತ್ತಿಗೆ ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಪಾದ ಸದಾ ಜೋಮು ಹಿಡಿದಂತಿರುತ್ತದೆ ಎನ್ನುತ್ತಿದ್ದರು. ಸರಿಯಾದ ಅಳತೆಯದನ್ನು ಹಾಕಿ ನಿಂತರು, ತಲೆ ಅಲ್ಲಾಡಿಸಿದರು, ಒಂದು ನಂಬರು ಚಿಕ್ಕದು ತರಿಸಿದರು.

“ಅದು ಕಾಲ್ನಲ್ಲಿ ಐತೆ ಅಂತ್ಲೇ ಗೊತ್ತಾಗಲ್ಲ ಕಣೋ. ಇದು ನೋಡು, ಹಿಡ್ಕಂತದೆ.”

ತುದಿ ಒತ್ತಿ ನೋಡಲಿಲ್ಲ. ನಾನು ಒತ್ತಬಹುದಿತ್ತು. ಬೆರಳಿನ ಮೇಲೆ ಬೂಟಿನ ಚರ್ಮ ಉಬ್ಬಿದ್ದು ಕಣ್ಣಿಗೇ ಕಾಣುತ್ತಿತ್ತು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದೀತೆಂದು ಸುಮ್ಮನಿದ್ದೆ.

ಎರಡು ವಾರ ಅದರಲ್ಲೇ ಹಳಿ ನಡೆದರು. ಬೆರಳು ಹುಣ್ಣಾಗಿ ಕೊಳೆತರೂ ಅವರಿಗೆ ನೋವೇ ಇಲ್ಲ. ಕಾಲುಚೀಲ ಒಗೆಯುವಾಗ ಕೀವು ಕಂಡದ್ದು ಅವರ ಹೆಂಡತಿಗೆ. ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ... ಚಳಿಗಾಲ ಮುಗಿಯುವಷ್ಟರಲ್ಲಿ ಅವರೇ ಇರಲಿಲ್ಲ. ಮಣ್ಣಿಗೆ ಹೋಗಿ ಬಂದೆ, ಸ್ನಾನ ಮಾಡಿದೆ, ಊಟ ಮಾಡಿದೆ. ಅಳು ಬರಲಿಲ್ಲ.

ತಿಥಿಯ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

“ಬೂಟು ಬಿಗಿ ಇತ್ತು ಅಂತಾರಲ್ಲಪ್ಪಾ ಡಾಕ್ಟ್ರು. ನೀನು ಜೊತೇಲಿದ್ದೆ, ಹೆಂಗಿತ್ತು?”

“ಸರಿಯಾಗೇ ಇತ್ತಮ್ಮಾ,” ಎಂದೆ.

ಮೇಸ್ತ್ರಿ ಹೋಗಿ ಬಹಳ ವರ್ಷವಾಯಿತು. ಅಂಥ ಮನುಷ್ಯ ಮತ್ತೆ ಸಿಗಲಿಲ್ಲ ಎಂದು ಹೇಳಿಕೊಳ್ಳುವ ಹಕ್ಕೂ ನನಗಿಲ್ಲ. ಆ ತಾಯಿ ಈಗಲೂ ಸ್ಟೇಷನ್ ಹತ್ತಿರದ ಮನೆಯಲ್ಲೇ ಇದ್ದಾರೆ. ಆ ದಾರಿಯಲ್ಲಿ ಹೋದರೆ ಕರೆದು ಕಾಫಿ ಕೊಡುತ್ತಾರೆ. ಅಲ್ಲಿ ಯಾರಾದರೂ ಕೂತಿದ್ದರೆ ನನ್ನ ಕಡೆ ಕೈ ತೋರಿಸಿ ಹೇಳುತ್ತಾರೆ, “ನಮ್ಮೆಜಮಾನ್ರು ಬೂಟು ಆರ್ಸೋದ್ರಲ್ಲಿ ಎಡವಿದೋರಲ್ಲ ಕಣ್ರೀ. ಇವ್ನು ಕಣ್ಣಾರೆ ನೋಡಿದಾನೆ.”

ನಾನು ಹೌದೆಂದು ತಲೆಯಾಡಿಸುತ್ತೇನೆ.